ಬೇಸ್‌ಬಾಲ್‌ನಲ್ಲಿ ಬ್ಯಾಟು ತಡವಾಗಿ ಬರುತ್ತಿದೆ: ಬೀಸನ್ನು ಚಿಕ್ಕದಾಗಿಸಿಕೊಂಡವರ ಅನುಭವ ಬೇಕು

ಪ್ರಶ್ನೆ: ಮಂಗಳೂರಿನ ಪದವಿ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಐದನೆಯ ತರಗತಿಯಿಂದಲೂ ನಮ್ಮೂರಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳಲ್ಲಿ ಆಡುತ್ತ ಬಂದವನು, ಕಳೆದ ವರ್ಷ ದೈಹಿಕ ಶಿಕ್ಷಣ ನಿರ್ದೇಶಕರ ಒತ್ತಾಯಕ್ಕೆ ಕಾಲೇಜಿನ ಬೇಸ್‌ಬಾಲ್ ತಂಡವನ್ನು ಸೇರಿದೆ. ಸಾಧಾರಣ ವೇಗದಲ್ಲಿ ಬರುವ ಚೆಂಡನ್ನು ತಂಡದ ಉಳಿದವರಿಗಿಂತ ದೂರ ಹೊಡೆಯುತ್ತೇನೆ. ಆದರೆ ಜೋರಾಗಿ ಎಸೆಯುವ ಪಿಚರ್ ಎದುರಾದ ದಿನ ನನ್ನ ಬ್ಯಾಟು ಪ್ರತಿ ಬಾರಿಯೂ ತಡವಾಗುತ್ತದೆ. ಮೈಗೆ ಹತ್ತಿರ ಬಂದ ಚೆಂಡು ಹಿಡಿಕೆಯ ಬಳಿ ತಗಲಿ ಅಂಗೈ ಮರಗಟ್ಟುತ್ತದೆ, ಹೊರಬದಿಯ ಚೆಂಡು ಬಲಗಡೆಗೆ ಗೆರೆಯ ಹೊರಕ್ಕೆ ಹೋಗಿ ಫೌಲ್ ಆಗುತ್ತದೆ, ಎತ್ತರದಲ್ಲಿ ಬಂದದ್ದು ಬ್ಯಾಟಿಗೆ ಸಿಗುವುದೇ ಇಲ್ಲ. ನಾನು ಬಲಗೈ ಬ್ಯಾಟರ್; 34 ಅಂಗುಲದ ಮರದ ಬ್ಯಾಟನ್ನು ಬಳಸುತ್ತೇನೆ.

“ನಿನ್ನ ಬೀಸು ಉದ್ದವಾಯಿತು, ಚಿಕ್ಕದು ಮಾಡು” ಎಂದು ಸರ್ ದಿನವೂ ಹೇಳುತ್ತಾರೆ. ಚಿಕ್ಕದು ಮಾಡಲು ಹೋದರೆ ಹೊಡೆತದಲ್ಲಿ ಬಲವೇ ಉಳಿಯುವುದಿಲ್ಲ. ಈಗ ಮಳೆಗಾಲವಾದುದರಿಂದ ಮೈದಾನದಲ್ಲಿ ನೀರು ನಿಂತಿದೆ. ಆಯ್ಕೆ ಪಂದ್ಯಗಳು ಮಳೆ ಬಿಟ್ಟ ಮೇಲೆ ನಡೆಯುತ್ತವೆ. ಅಭ್ಯಾಸಕ್ಕೆ ನನ್ನಲ್ಲಿರುವುದು ಮನೆಯ ಎದುರಿನ ಶೀಟು ಹಾಕಿದ ಅಂಗಳ ಮಾತ್ರ. ಇದೇ ತೊಂದರೆಯನ್ನು ದಾಟಿ ಬಂದವರು, ವಿಶೇಷವಾಗಿ ಕ್ರಿಕೆಟ್‌ನಿಂದ ಈ ಆಟಕ್ಕೆ ಬಂದವರು, ನೀವು ಏನು ಮಾಡಿದಿರಿ ಎಂದು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಉಡುಪಿಯಿಂದ, ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ

ನೀವು ಬರೆದ ಮೂರು ಲಕ್ಷಣಗಳೂ ಒಂದೇ ದೋಷದವು. ಇಪ್ಪತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಿದ್ದಾಗ ನನಗೂ ಅದೇ ಇತ್ತು, ಈಗ ನನ್ನ ಶಾಲೆಗೆ ಬರುವ ಪ್ರತಿಯೊಬ್ಬ ಕ್ರಿಕೆಟ್ ಹುಡುಗನಲ್ಲಿಯೂ ಅದನ್ನೇ ನೋಡುತ್ತೇನೆ. ಬೇಗ ಎಂಬ ಮಾತು ವೇಗದ ತದ್ಭವವೆಂದು ಶಾಲೆಯಲ್ಲಿ ಕಲಿತಿದ್ದೇವೆ; ಬ್ಯಾಟು ಹಿಡಿದವನಿಗೆ ಮಾತ್ರ ಅವೆರಡನ್ನೂ ಬೇರೆ ಮಾಡಿ ನೋಡಬೇಕಾಗುತ್ತದೆ. ವೇಗವೆಂದರೆ ಚೆಂಡಿಗೆ ತಗಲುವ ಕ್ಷಣದಲ್ಲಿ ಬ್ಯಾಟಿನ ತುದಿ ಎಷ್ಟು ಜೋರಾಗಿ ಓಡುತ್ತಿದೆ ಎಂಬುದು. ಬೇಗವೆಂದರೆ ಕೈ ಹೊರಟಲ್ಲಿಂದ ಚೆಂಡಿಗೆ ತಗಲುವ ತನಕ ಎಷ್ಟು ಹೊತ್ತು ಹಿಡಿಯಿತು ಎಂಬುದು. ಸಾಧಾರಣ ವೇಗದ ಚೆಂಡನ್ನು ದೂರ ಕಳಿಸಬಲ್ಲಿರಿ ಎಂದ ಮೇಲೆ ನಿಮ್ಮಲ್ಲಿ ವೇಗಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಬೇಗದಲ್ಲಿ.

ಅಮೆರಿಕದ ಮೇಜರ್ ಲೀಗ್‌ನವರು 2024ರಿಂದ ಪ್ರತಿಯೊಬ್ಬ ಬ್ಯಾಟರಿನ ಬೀಸಿನ ವೇಗವನ್ನೂ ಉದ್ದವನ್ನೂ ಅಳೆದು ಪ್ರಕಟಿಸುತ್ತಿದ್ದಾರೆ. ಅಲ್ಲಿ ಬ್ಯಾಟಿನ ಸರಾಸರಿ ವೇಗ ಗಂಟೆಗೆ ಸುಮಾರು 116 ಕಿಲೋಮೀಟರ್. ಜಿಯಾನ್‌ಕಾರ್ಲೊ ಸ್ಟ್ಯಾಂಟನ್ ಅವರದು 130ರ ಆಸುಪಾಸಿನಲ್ಲಿದೆ. ಪಟ್ಟಿಯ ಕೊನೆಯ ತುದಿಯಲ್ಲಿ, ಸುಮಾರು 100 ಕಿಲೋಮೀಟರ್ ವೇಗದೊಂದಿಗೆ, ಲೂಯಿಸ್ ಅರಾಯೆಸ್ ಅವರ ಹೆಸರಿತ್ತು. ಅತಿ ಚಿಕ್ಕ ಬೀಸು ಕೂಡ ಅವರದೇ. ಆ ನಿಧಾನದ ಬ್ಯಾಟಿನಿಂದಲೇ ಅವರು 2022, 2023 ಮತ್ತು 2024ರಲ್ಲಿ, ಮೂರು ಬೇರೆ ಬೇರೆ ತಂಡಗಳ ಆಟಗಾರನಾಗಿ, ತಮ್ಮ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯನ್ನು (ಬ್ಯಾಟಿಂಗ್ ಸರದಿಗಳಲ್ಲಿ ಸಫಲ ಹೊಡೆತಗಳ ಪಾಲು ಎಷ್ಟೆಂಬ ಲೆಕ್ಕ) ಪಡೆದರು. ನೀವು ಅರಾಯೆಸ್ ಆಗಬೇಕೆಂದು ಹೇಳುತ್ತಿಲ್ಲ; ಅವರು ಮನೆ ಓಟ (ಹೋಮ್ ರನ್) ಹೊಡೆಯುವುದೇ ಅಪರೂಪ. ಬೀಸಿನ ಉದ್ದ ಮತ್ತು ಬೀಸಿನ ವೇಗ ಬೇರೆ ಬೇರೆ ಲೆಕ್ಕಗಳೆಂಬುದಕ್ಕೆ ಇಷ್ಟು ಹೇಳಿದೆ.

ಲೆಕ್ಕ ಹೇಗೆಂದರೆ, ಪಿಚರ್ ಕಾಲಿಡುವ ಪಟ್ಟಿಯಿಂದ ಬ್ಯಾಟರಿನ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಅವನು ಮುಂದಕ್ಕೆ ಬಾಗಿ ಚೆಂಡನ್ನು ಬಿಡುವುದರಿಂದ ಚೆಂಡು ನಿಜವಾಗಿ ಸಾಗುವುದು 17 ಮೀಟರಿಗಿಂತ ತುಸು ಕಡಿಮೆ. ಗಂಟೆಗೆ 120 ಕಿಲೋಮೀಟರ್ ವೇಗದ ಚೆಂಡಿಗೆ ಆ ದೂರ ಅರ್ಧ ಸೆಕೆಂಡಿನ ಕೆಲಸ. ಬೀಸಿಗೇ 0.20 ಸೆಕೆಂಡು ಬೇಕಾಗುವವನು ಉಳಿದ 0.30 ಸೆಕೆಂಡಿನಲ್ಲಿ ಚೆಂಡನ್ನು ನೋಡಿ, ಗುರುತಿಸಿ, ಹೊಡೆಯುವುದೋ ಬಿಡುವುದೋ ಎಂದು ನಿರ್ಧರಿಸಿರಬೇಕು. ಅವನು ಬೀಸನ್ನು 0.17 ಸೆಕೆಂಡಿಗೆ ಇಳಿಸಿದರೆ ಚೆಂಡು ಇನ್ನೂ ಒಂದು ಮೀಟರ್ ಹತ್ತಿರ ಬರುವ ತನಕ ಕಾದು ನೋಡಬಹುದು. ಒಂದು ಮೀಟರ್ ಎಂದರೆ ಚೆಂಡು ತಿರುಗುತ್ತದೆಯೋ ಇಲ್ಲವೋ ಎಂದು ಗೊತ್ತಾಗುವಷ್ಟು.

ಆದುದರಿಂದ ಬೇರೆ ಯಾವ ಕಸರತ್ತಿಗೂ ಮೊದಲು ಅಳತೆ ಮಾಡಿ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮ್‌ಗಳಿಗೆ ಇಟ್ಟು, ನಿಮ್ಮ ಎದೆಯ ಎದುರಿನಿಂದ ಯಾರಾದರೂ ಚಿತ್ರೀಕರಿಸಲಿ. ಕೈಗಳು ಮುಂದಕ್ಕೆ ಹೊರಟ ಫ್ರೇಮಿನಿಂದ ಚೆಂಡಿಗೆ ತಗಲಿದ ಫ್ರೇಮಿನ ವರೆಗೆ ಎಣಿಸಿ. ಒಂದು ಫ್ರೇಮಿಗೆ ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು ಕಾಲ. 48 ಫ್ರೇಮ್ ಎಂದರೆ 0.20 ಸೆಕೆಂಡು, 40 ಎಂದರೆ 0.17ಕ್ಕೂ ತುಸು ಕಡಿಮೆ. ಈ ಒಂದು ಸಂಖ್ಯೆ ಕೈಯಲ್ಲಿಲ್ಲದೆ ಎರಡು ತಿಂಗಳು ಬೆವರು ಹರಿಸಿದರೂ ಮುಂದೆ ಹೋದಿರೋ ಹಿಂದೆ ಬಂದಿರೋ ತಿಳಿಯುವುದಿಲ್ಲ.

ಈಗ ಕ್ರಿಕೆಟ್ ನಮಗೆ ಅಂಟಿಸಿದ ಅಭ್ಯಾಸಗಳ ವಿಷಯ. ನಮ್ಮ ಅಂಡರ್‌ಆರ್ಮ್ ಆಟದಲ್ಲಿ ಚೆಂಡು ಹೆಚ್ಚಾಗಿ ಕೆಳಗೇ ಬರುತ್ತದೆ. ಆದ್ದರಿಂದ ಹೊಡೆಯುವ ಮೊದಲು ಕೈಗಳು ತಾವಾಗಿಯೇ ಸೊಂಟದ ಮಟ್ಟಕ್ಕೆ ಇಳಿದು, ಅಲ್ಲಿಂದ ತೊಟ್ಟಿಲಿನಂತೆ ತೂಗಿ ಮೇಲೇಳುತ್ತವೆ. ಎದೆಯ ಮಟ್ಟದಲ್ಲಿ ಬರುವ ಬೇಸ್‌ಬಾಲ್ ಚೆಂಡಿಗೆ ಇದೇ ಕೈ ಒಮ್ಮೆ ಇಳಿದು ಮತ್ತೆ ಏರಬೇಕು. ಎತ್ತರದ ಚೆಂಡು ನಿಮಗೆ ಸಿಗದಿರುವ ಕಾರಣ ಬಹುಮಟ್ಟಿಗೆ ಇದೇ. ಎರಡನೆಯದು, ಮುಂದಿನ ಕೈ, ಅಂದರೆ ನಿಮ್ಮ ಎಡಗೈ. ಬಲ ಹೆಚ್ಚಲಿ ಎಂದು ಬ್ಯಾಟನ್ನು ಹಿಂದಕ್ಕೆ ಎಳೆಯುವಾಗ ಆ ಕೈ ಮೊಣಕೈಯಲ್ಲಿ ಬಾಗದೆ ಕೋಲಿನಂತೆ ನೆಟ್ಟಗಾದರೆ, ಮುಂದೆ ಅದು ಬಾಗಿಲಿನ ಹಾಗೆ ಇಡಿಯಾಗಿ ತಿರುಗಬೇಕಾಗುತ್ತದೆ. ಮೂರನೆಯದು ಕಾಲು. ಕ್ರಿಕೆಟ್‌ನಲ್ಲಿ ಚೆಂಡು ನೆಲಕ್ಕೆ ಬೀಳುವ ಜಾಗಕ್ಕೆ ಕಾಲು ಚಾಚಿ ಹೋಗುವುದೇ ವಿದ್ಯೆ. ಇಲ್ಲಿ ಚೆಂಡು ನೆಲ ಮುಟ್ಟುವುದೇ ಇಲ್ಲ. ಉದ್ದ ಹೆಜ್ಜೆ ಇಟ್ಟವನ ಸೊಂಟ ತಿರುಗಲು ತಡವಾಗುತ್ತದೆ ಎಂಬುದಷ್ಟೇ ಅದರ ಫಲ.

ಈ ಮೂರಕ್ಕಿಂತ ದೊಡ್ಡದು ಕೈಯ ದಾರಿ. ಗಾಳ ಎಸೆಯುವವನು ಕೋಲನ್ನು ಮೈಯಿಂದ ದೂರಕ್ಕೆ ಬೀಸುತ್ತಾನಲ್ಲ, ಹಾಗೆ ಬ್ಯಾಟಿನ ತುದಿ ಮೊದಲೇ ಮೈ ಬಿಟ್ಟು ಹೊರಕ್ಕೆ ಹೋಗುವುದನ್ನು ಆಟದವರು ಕಾಸ್ಟಿಂಗ್ ಎನ್ನುತ್ತಾರೆ. ತುದಿ ಹೊರಗೆ ಹೋದಷ್ಟೂ ಅದು ಸುತ್ತಬೇಕಾದ ವೃತ್ತ ದೊಡ್ಡದಾಗುತ್ತದೆ, ಅದನ್ನು ತಿರುಗಿಸಲು ಬೇಕಾಗುವ ಬಲವೂ ಹೆಚ್ಚುತ್ತದೆ. ಆಗಬೇಕಾದದ್ದು ಹೀಗೆ: ಮುಂಗಾಲಿನ ಹಿಮ್ಮಡಿ ನೆಲಕ್ಕೆ ಊರುತ್ತದೆ, ಸೊಂಟ ತಿರುಗಲು ತೊಡಗುತ್ತದೆ, ಹಿಂದಿನ ಮೊಣಕೈ ಪಕ್ಕೆಲುಬಿನ ಬಳಿಗೆ ಬಂದು ಸೇರುತ್ತದೆ, ಮುಷ್ಟಿಗಳು ಎದೆಯ ಸಮೀಪದಿಂದಲೇ ಚೆಂಡಿನ ಕಡೆಗೆ ಹೊರಡುತ್ತವೆ, ಬ್ಯಾಟಿನ ದಪ್ಪ ತುದಿ ಎಲ್ಲದರ ಹಿಂದೆ ಉಳಿದು ಕೊನೆಗೆ ಚಾಟಿಯ ತುದಿಯಂತೆ ಬಂದು ತಗಲುತ್ತದೆ. ರಸ್ತೆ ಬದಿಯಲ್ಲಿ ಸಿಯಾಳ ಕೆತ್ತುವವರನ್ನು ಒಮ್ಮೆ ನಿಂತು ನೋಡಿ. ಅವರ ಮೊಣಕೈ ಮೈ ಬಿಟ್ಟು ದೂರ ಹೋಗುವುದಿಲ್ಲ, ಕತ್ತಿಯ ಬಾಯಿ ಮಾತ್ರ ಕೊನೆಯ ಗಳಿಗೆಯಲ್ಲಿ ಹಾರುತ್ತದೆ.

ಇದನ್ನು ಕಲಿಸಲು ನಾನು ಬಳಸುವುದು ಮೀನಿನ ಬಲೆಯ ಒಂದು ತುಂಡು. ಮಲ್ಪೆಯಲ್ಲಿಯೂ ಮಂಗಳೂರಿನ ದಕ್ಕೆಯಲ್ಲಿಯೂ ಹರಿದ ಹಳೆಯ ನೈಲಾನ್ ಬಲೆ ಕೇಳಿದರೆ ಸಿಗುತ್ತದೆ. ದಪ್ಪ ನೂಲಿನದನ್ನು ಆರಿಸಿ. ಅಂಗಳದ ಕಂಬಗಳ ನಡುವೆ ಅದನ್ನು ಬಿಗಿಯಾಗಿ ಕಟ್ಟಿ, ಬ್ಯಾಟಿನ ಹಿಡಿಯ ಗುಬಟನ್ನು ಹೊಕ್ಕುಳಿಗೆ ಇಟ್ಟು ಇನ್ನೊಂದು ತುದಿ ಬಲೆಗೆ ಮುಟ್ಟುವಷ್ಟು ದೂರದಲ್ಲಿ ಬಲೆಗೆ ಎದುರಾಗಿ ನಿಲ್ಲಿ. ಪಿಚರ್ ನಿಮ್ಮ ಎಡಗಡೆ ಇದ್ದಾನೆಂದು ಭಾವಿಸಿ, ಬಲೆಗೆ ಬ್ಯಾಟು ತಾಗದಂತೆ ಬೀಸಿ. ಕಾಸ್ಟಿಂಗ್ ಇರುವವನ ಬ್ಯಾಟು ಮೊದಲ ದಿನ ಪ್ರತಿ ಸಲವೂ ಬಲೆಗೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ಎದುರು ಇದನ್ನು ಮಾಡಬೇಡಿ. ನಾನು ಕಲ್ಲಿನ ಗೋಡೆಗೆ ಹೊಡೆದು ಬ್ಯಾಟನ್ನೂ ಮಣಿಕಟ್ಟನ್ನೂ ಒಂದೇ ಸಂಜೆ ಕೆಡಿಸಿಕೊಂಡವನು.

ಆಮೇಲೆ ಟೀ, ಅಂದರೆ ಚೆಂಡನ್ನು ಮೇಲಿಟ್ಟು ಹೊಡೆಯುವ ಗಿಡ್ಡ ಕಂಬ. ಬಣ್ಣದ ಖಾಲಿ ಡಬ್ಬಿಯಲ್ಲಿ ಸಿಮೆಂಟು ತುಂಬಿಸಿ ಅದರಲ್ಲಿ ಪಿವಿಸಿ ಪೈಪು ನಿಲ್ಲಿಸಿ, ಮೇಲ್ತುದಿಗೆ ಸೈಕಲ್ ಟ್ಯೂಬು ಸುತ್ತಿದರೆ ಟೀ ಸಿದ್ಧ. ಅದೇ ಬಲೆಯನ್ನು ಎರಡು ಮಡಿಕೆ ಮಾಡಿ, ಈ ಬಾರಿ ಸಡಿಲವಾಗಿ, ಚೆಂಡು ಹೋಗುವ ದಿಕ್ಕಿನಲ್ಲಿ ತೂಗುಹಾಕಿ. ಚೆಂಡು ಅದಕ್ಕೆ ಬಡಿದು ಅಲ್ಲೇ ಬೀಳುತ್ತದೆ. ಟೀಯನ್ನು ಎದೆಯ ಮಟ್ಟಕ್ಕೆ, ಮುಂಗಾಲಿಗಿಂತ ಸ್ವಲ್ಪ ಮುಂದೆ, ಮೈಬದಿಗೆ ಇಡಿ. ಆ ಜಾಗದ ಚೆಂಡನ್ನು ಉದ್ದ ಬೀಸಿನಿಂದ ಸರಿಯಾಗಿ ಹೊಡೆಯಲು ಸಾಧ್ಯವೇ ಇಲ್ಲ. ಒಂದೋ ಹಿಡಿಕೆಗೆ ತಗಲುತ್ತದೆ, ಇಲ್ಲವೇ ಪೈಪು ಉರುಳುತ್ತದೆ. ಆರು ಬೀಸು, ಎರಡು ನಿಮಿಷ ವಿಶ್ರಾಂತಿ, ಮತ್ತೆ ಆರು. ದಿನಕ್ಕೆ ಅರುವತ್ತರಿಂದ ಎಂಬತ್ತು ಸಾಕು. ದಣಿದ ಮೈಯ ಬೀಸು ತಾನಾಗಿ ಉದ್ದವಾಗುತ್ತದೆ. ದಿನಕ್ಕೆ ಇನ್ನೂರು, ಮುನ್ನೂರು ಎಂದು ಹಟ ಹಿಡಿಯುವವರು ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ.

ಕಣ್ಣಿಗಾಗಿ ಒಂದು ಉಪಾಯವಿದೆ. ಸಣ್ಣ ದುಂಡಗಿನ ಹೊನ್ನೆಕಾಯಿಗಳನ್ನು ಹೆಕ್ಕಿ ತಂದು, ಗೆಳೆಯನೊಬ್ಬ ಬದಿಯಿಂದ ಎಸೆಯಲಿ, ನೀವು ತೆಳ್ಳಗಿನ ಕೋಲಿನಿಂದ ಹೊಡೆಯಿರಿ. ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ಗಾಲ್ಫ್ ಚೆಂಡನ್ನು ನೀರಿನ ಟ್ಯಾಂಕಿನ ಕಟ್ಟೆಗೆ ಎಸೆದು, ಪುಟಿದು ಬಂದದ್ದನ್ನು ಸ್ಟಂಪಿನಿಂದ ಹೊಡೆದು ಕಲಿತದ್ದು ಎಲ್ಲರಿಗೂ ಗೊತ್ತು. ನಮ್ಮ ಕರಾವಳಿಯಲ್ಲಿ ಗಾಲ್ಫ್ ಚೆಂಡಿಗೆ ದುಡ್ಡು ಕೊಡಬೇಕಾಗಿಲ್ಲ.

ಉತ್ತರ: ಮಂಗಳೂರಿನಿಂದ, ಸಾಫ್ಟ್‌ಬಾಲ್ ಆಡಿದವಳು, ಈಗ ಬ್ಯಾಂಕ್ ಉದ್ಯೋಗಿ

ಉಡುಪಿಯ ಸರ್ ಹೇಳಿದ ಬಲೆಯ ಅಭ್ಯಾಸವನ್ನು ನಾನೂ ಮಾಡಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಮ್ಮಾ, ನಿನ್ನ ವಿಡಿಯೋದಲ್ಲಿ ಫ್ರೇಮ್ ಎಣಿಸುವ ಮೊದಲು ಇನ್ನೊಂದನ್ನು ನೋಡು. ಚೆಂಡು ಪಿಚರಿನ ಕೈ ಬಿಟ್ಟಾಗ ನಿನ್ನ ಮುಂಗಾಲು ಎಲ್ಲಿದೆ? ಚೆಂಡು ಅರ್ಧ ದಾರಿಗೆ ಬಂದಾಗ ಎಲ್ಲಿದೆ?

ಮಹಿಳೆಯರ ವೇಗದ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಅವಳು ಗಂಟೆಗೆ 100 ಕಿಲೋಮೀಟರಿನ ಹತ್ತಿರ ಎಸೆದರೆ, ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟಿಗೆ ಬಂದು ಮುಟ್ಟುತ್ತದೆ. ಬೇಸ್‌ಬಾಲ್‌ನಲ್ಲಿ 145 ಕಿಲೋಮೀಟರ್ ವೇಗದ ಚೆಂಡಿಗೆ ಸಿಗುವ ಕಾಲಾವಕಾಶವೂ ಅಷ್ಟೇ. ಮೊದಲ ವರ್ಷ ನಾನು ಮುಟ್ಟಿದ ಚೆಂಡುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಬೀಸು ಉದ್ದವಾಯಿತೆಂದು ಎಲ್ಲರೂ ಹೇಳಿದರು, ನಾನೂ ನಂಬಿದೆ, ಕೈಗಳನ್ನು ಕಟ್ಟಿಹಾಕಿದಂತೆ ಮಾಡಿಕೊಂಡೆ. ಕೊನೆಗೆ ಹಿರಿಯ ಆಟಗಾರ್ತಿಯೊಬ್ಬರು ತೋರಿಸಿಕೊಟ್ಟದ್ದೇನೆಂದರೆ, ನನ್ನ ಬೀಸು ಅಷ್ಟೇನೂ ಉದ್ದವಿರಲಿಲ್ಲ. ಚೆಂಡು ಹತ್ತಿರ ಬಂದ ಮೇಲೆ ನಾನು ಕಾಲೆತ್ತುತ್ತಿದ್ದೆ. ಕಾಲು ಊರದೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದೆ ಕೈ ಹೊರಡುವುದಿಲ್ಲ. ಆದ್ದರಿಂದ ತಡ ಎಂಬುದು ಕೈಯಲ್ಲಿ ಕಾಣಿಸಿಕೊಂಡರೂ ಅದರ ಬೇರು ಕಾಲಿನಲ್ಲಿತ್ತು. ಪಿಚರಿನ ಕೈ ಹಿಂದಕ್ಕೆ ಹೋಗುವಾಗಲೇ ನಿನ್ನ ಭಾರ ಹಿಂಗಾಲಿಗೆ ಹೋಗಲಿ. ಚೆಂಡು ಅವನ ಕೈ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಮುಂಗಾಲು ಮೆಲ್ಲಗೆ, ಒಂದು ಚಪ್ಪಲಿಯ ಉದ್ದದಷ್ಟೇ ಮುಂದೆ, ಊರಿರಲಿ. ಕಾಲು ಊರಿದ ಮಾತ್ರಕ್ಕೆ ಹೊಡೆಯಲೇಬೇಕೆಂದಿಲ್ಲ. ಎರಡು ಸ್ಟ್ರೈಕ್ ಆದ ಮೇಲೆ, ಅಂದರೆ ಇನ್ನೊಂದು ತಪ್ಪಿದರೆ ಔಟ್ ಎನ್ನುವಾಗ, ನಾನು ಹೆಜ್ಜೆಯನ್ನೇ ಬಿಟ್ಟು, ಕಾಲು ಅಗಲಿಸಿ ನಿಂತು, ಹಿಮ್ಮಡಿಯನ್ನು ಮಾತ್ರ ಎತ್ತಿ ಇಡುತ್ತಿದ್ದೆ.

ಚಿನ್ನಿದಾಂಡು ಆಡಿದ್ದೀಯಾದರೆ ಇದು ನಿನಗೆ ಗೊತ್ತಿರುವ ವಿಷಯವೇ. ನೆಗೆದ ಚಿನ್ನಿಗೆ ಎರಡನೆಯ ಏಟು ಕೊಡುವಾಗ ದಾಂಡನ್ನು ಹೆಗಲ ಹಿಂದಕ್ಕೆ ಎಳೆಯುವವನಿಗೆ ಚಿನ್ನಿ ಸಿಗುವುದಿಲ್ಲ. ದಾಂಡು ಮೊದಲೇ ಸಿದ್ಧವಿರುತ್ತದೆ, ಕೈ ಎರಡು ಗೇಣು ಓಡುತ್ತದೆ, ಅಷ್ಟರಲ್ಲಿ ಚಿನ್ನಿ ಗದ್ದೆಯ ಆಚೆ ಇರುತ್ತದೆ.

ಇನ್ನು ಒಂದು ಎಚ್ಚರಿಕೆ. ಚಿಕ್ಕದಾಗಿ ಬೀಸು ಎಂದರೆ ಮೇಲಿನಿಂದ ಕೆಳಕ್ಕೆ ಕಡಿ ಎಂದು ನನಗೆ ಕಲಿಸಿದ್ದರು, ಹಾಗೆಯೇ ಒಂದು ವರ್ಷ ಕಡಿದೆ. ಹೊಡೆದದ್ದೆಲ್ಲ ನೆಲದ ಮೇಲೆ ಉರುಳಿ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈಗೆ ಹೋಗುತ್ತಿತ್ತು. ನಿಮ್ಮ ಆಟದಲ್ಲಿ ಪಿಚರ್ ನಿಲ್ಲುವ ದಿಬ್ಬ 10 ಅಂಗುಲ ಎತ್ತರದ್ದು, ಅವನು ತಲೆಯ ಮೇಲಿನಿಂದ ಎಸೆಯುತ್ತಾನೆ; ಚೆಂಡು ಪ್ಲೇಟಿಗೆ ಬರುವಾಗ ಇಳಿಯುತ್ತಲೇ ಇರುತ್ತದೆ. ಇಳಿಯುವ ಚೆಂಡಿಗೆ ಇಳಿಯುವ ಬ್ಯಾಟು ಒಂದು ಬಿಂದುವಿನಲ್ಲಿ ಮಾತ್ರ ಎದುರಾಗುತ್ತದೆ. ಬ್ಯಾಟು ಬೇಗನೆ ಚೆಂಡಿನ ದಾರಿಗೆ ಬಂದು, ಅಲ್ಲಿಂದ ತುಸುವೇ ಮೇಲ್ಮುಖವಾಗಿ ಆ ದಾರಿಯಲ್ಲೇ ಸಾಗಿದರೆ, ಸ್ವಲ್ಪ ಬೇಗವಾದರೂ ತಡವಾದರೂ ಚೆಂಡು ಸಿಗುತ್ತದೆ. 1941ರಲ್ಲಿ ಮೇಜರ್ ಲೀಗ್‌ನಲ್ಲಿ 0.406 ಸರಾಸರಿ ಗಳಿಸಿದ ಟೆಡ್ ವಿಲಿಯಮ್ಸ್ ಹೇಳುತ್ತಿದ್ದುದೂ ಇದನ್ನೇ.

ಒಂದು ಕೈಯ ಅಭ್ಯಾಸ ನನಗೆ ತುಂಬ ಸಹಾಯ ಮಾಡಿತು. ತೆಂಗಿನ ಮಡಲಿನ ಕೊತ್ತಳಿಗೆಯನ್ನು ಒಂದೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಅದನ್ನು ಮೇಲಿನ ಕೈಯೊಂದರಲ್ಲೇ, ನಿನಗಾದರೆ ಬಲಗೈಯಲ್ಲಿ, ಹಿಡಿದು ಟೀ ಮೇಲಿನ ಟೆನ್ನಿಸ್ ಚೆಂಡನ್ನು ಹೊಡೆಯಬೇಕು. ಹಿಂದಿನ ಮೊಣಕೈ ಪಕ್ಕೆಗೆ ಬರದೆ ಅದು ಸಾಧ್ಯವಾಗುವುದಿಲ್ಲ. ಪೂರ್ತಿ ಬ್ಯಾಟಿನಿಂದ ಒಂದೇ ಕೈಯಲ್ಲಿ ಮಾಡಲು ಹೋಗಬೇಡ.

ಉತ್ತರ: ಸುರತ್ಕಲ್‌ನಿಂದ, ಮೆಕ್ಯಾನಿಕಲ್ ಎಂಜಿನಿಯರ್

ನಾನು ಆಟಗಾರನಲ್ಲ, ಮಗ ಆಡುತ್ತಾನೆ. ಬ್ಯಾಟಿನ ವಿಷಯವನ್ನು ಯಾರೂ ಎತ್ತದ ಕಾರಣ ಬರೆಯುತ್ತಿದ್ದೇನೆ. ನಮ್ಮ ಕಡೆಯ ಅಂಗಡಿಗಳಲ್ಲಿ ಬೇಸ್‌ಬಾಲ್ ಬ್ಯಾಟು ಎಂದು ಸಿಗುವುದರಲ್ಲಿ ಅರ್ಧಕ್ಕರ್ಧ ಆಡುವವರಿಗಾಗಿ ಮಾಡಿದ್ದಲ್ಲ, ಕಾರಿನ ಸೀಟಿನಡಿ ಇಟ್ಟುಕೊಳ್ಳುವವರಿಗಾಗಿ ಮಾಡಿದ್ದು. ಮಗನಿಗೆ ನಾನು ಮೊದಲು ತಂದುಕೊಟ್ಟದ್ದು ಅಂಥದೇ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಒಂದು ಕಿಲೋ ದಾಟಿತ್ತು. ನಿಮ್ಮದನ್ನು ಮೊದಲು ತೂಗಿ ನೋಡಿ. ನಿಮ್ಮ ವಯಸ್ಸಿನ ಸಾಧಾರಣ ಮೈಕಟ್ಟಿನವರಿಗೆ 32 ಅಥವಾ 33 ಅಂಗುಲ, 820ರಿಂದ 880 ಗ್ರಾಮ್ ಧಾರಾಳ ಸಾಕು.

ತೂಕಕ್ಕಿಂತಲೂ ಆ ತೂಕ ಎಲ್ಲಿದೆ ಎಂಬುದು ಮುಖ್ಯ. ತಿರುಗುವ ವಸ್ತುವಿನ ಜಡತ್ವ ಕೈಯಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತುದಿಯಲ್ಲಿರುವ ಐವತ್ತು ಗ್ರಾಮ್ ಹಿಡಿಯ ಬಳಿ ಇರುವ ಐವತ್ತು ಗ್ರಾಮಿನಂತಲ್ಲ. ಆದ್ದರಿಂದ ಹೊಸ ಬ್ಯಾಟು ಕೊಳ್ಳುವ ಮೊದಲು ಇದ್ದ ಬ್ಯಾಟನ್ನೇ ಒಂದು ಅಂಗುಲ ಮೇಲಕ್ಕೆ ಹಿಡಿದು ನೋಡಿ. ನನ್ನ ಅಂದಾಜು ಲೆಕ್ಕದ ಪ್ರಕಾರ, 34 ಅಂಗುಲದ ಬ್ಯಾಟಿನಲ್ಲಿ ಅಷ್ಟರಿಂದಲೇ ತಿರುಗಿಸುವ ಕಷ್ಟ ನೂರಕ್ಕೆ ಎಂಟರಷ್ಟು ಇಳಿಯುತ್ತದೆ. ಮೇಲಕ್ಕೆ ಹಿಡಿಯುವುದು ಬಲಹೀನರ ಕೆಲಸ ಎಂದು ಹುಡುಗರು ನಗುತ್ತಾರೆ. ಮೇಜರ್ ಲೀಗ್‌ನ ಬ್ಯಾರಿ ಬಾಂಡ್ಸ್ 2001ರಲ್ಲಿ 73 ಮನೆ ಓಟ ಹೊಡೆದದ್ದು ಬ್ಯಾಟನ್ನು ಮೇಲಕ್ಕೆ ಹಿಡಿದೇ; ಎಂಟು ಬಾರಿ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರಾದ, 1994ರಲ್ಲಿ 0.394 ತಲುಪಿದ ಟೋನಿ ಗ್ವಿನ್ ಸಣ್ಣ ಬ್ಯಾಟಿನಿಂದಲೇ ಆಡಿದವರು.

ಆಡಲು ಇಳಿಯುವ ಮುನ್ನ ಬ್ಯಾಟಿಗೆ ಭಾರದ ಬಳೆ ತೊಡಿಸಿ ಬೀಸುವ ರೂಢಿಯೂ ಇದೆ. ಬಳೆ ತೆಗೆದ ಮೇಲೆ ಬ್ಯಾಟು ಹಗುರವೆನಿಸುತ್ತದೆ, ಆದರೆ ಅಳೆದು ನೋಡಿದ ಅಧ್ಯಯನಗಳಲ್ಲಿ ಆ ಬೆನ್ನಿಗೇ ಬರುವ ಬೀಸುಗಳು ನಿಧಾನವಾದದ್ದೇ ಕಂಡುಬಂದಿದೆ. ಅನಿಸಿಕೆ ಬೇರೆ, ಅಳತೆ ಬೇರೆ.

ಉತ್ತರ: ಮಣಿಪಾಲದಿಂದ, ಫಿಸಿಯೋಥೆರಪಿಸ್ಟ್

ಎರಡೇ ಮಾತು. ಬ್ಯಾಟಿನ ಗುಬಟನ್ನು ಅಂಗೈಯ ಒಳಗೆ ಮುಚ್ಚಿ ಹಿಡಿಯುವವರಲ್ಲಿ, ಅಂಗೈಯ ಬುಡದಲ್ಲಿ ಕಿರುಬೆರಳಿನ ಬದಿಗೆ ಇರುವ ಹ್ಯಾಮೇಟ್ ಎಂಬ ಸಣ್ಣ ಎಲುಬಿನ ಕೊಕ್ಕೆಯಂಥ ಭಾಗ ಬಿರುಕು ಬಿಡುವುದುಂಟು. ಸಾಧಾರಣ ಎಕ್ಸ್‌ರೇಯಲ್ಲಿ ಅದು ಸುಲಭವಾಗಿ ಕಾಣುವುದಿಲ್ಲ, ಉಳುಕು ಎಂದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಬ್ಯಾಟು ಅಂಗೈಯಲ್ಲಿ ಹುದುಗದೆ ಬೆರಳುಗಳಲ್ಲಿ ಇರಲಿ. ಚೆಂಡು ಹಿಡಿಕೆಗೆ ತಗಲಿ ಕೈ ಮರಗಟ್ಟುತ್ತದೆ ಎಂದಿರಿ, ಆ ಜಾಗವನ್ನು ಒತ್ತಿದಾಗ ನೋವು ಉಳಿದಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಇನ್ನೊಂದು, ನಮ್ಮ ಮಳೆಗಾಲದ ಅಂಗಳ ಪಾಚಿ ಹಿಡಿದಿರುತ್ತದೆ. ಸೊಂಟ ತಿರುಗುವಾಗ ಕಾಲು ಜಾರಿದರೆ ಪಕ್ಕೆಯ ಸ್ನಾಯು ಹರಿಯುತ್ತದೆ. ನಿಲ್ಲುವ ಜಾಗಕ್ಕೆ ರಬ್ಬರ್ ಚಾಪೆ ಹಾಕಿಕೊಳ್ಳಿ.

ಮತ್ತೆ ಉಡುಪಿಯಿಂದ, ದೈಹಿಕ ಶಿಕ್ಷಣ ಶಿಕ್ಷಕ

ಬ್ಯಾಂಕಿನ ಸಹೋದರಿಯವರು ಹೇಳಿದ ಕಾಲಿನ ವಿಷಯವನ್ನು ನಾನು ಮೊದಲು ಬರೆಯಬೇಕಿತ್ತು, ಒಪ್ಪುತ್ತೇನೆ. ನನ್ನ ಸಿಯಾಳದ ಹೋಲಿಕೆಯನ್ನು ಓದಿ ನೀವು ಬ್ಯಾಟನ್ನು ಕೆಳಕ್ಕೆ ಕಡಿಯಲು ತೊಡಗಿದರೆ ಅದು ನನ್ನ ತಪ್ಪೇ. ಅಲ್ಲಿ ನೋಡಬೇಕಾದದ್ದು ಮೊಣಕೈಯನ್ನು, ಕತ್ತಿಯ ದಿಕ್ಕನ್ನಲ್ಲ.

ಹೊಡೆತದಲ್ಲಿ ಬಲವೇ ಇಲ್ಲದಾಗುತ್ತದೆ ಎಂಬ ನಿಮ್ಮ ಮಾತಿಗೆ ಉತ್ತರಿಸುವುದು ಬಾಕಿಯಾಗಿತ್ತು. ಚಿಕ್ಕದಾಗಬೇಕಾದದ್ದು ಚೆಂಡಿಗೆ ತಗಲುವ ಮುಂಚಿನ ದಾರಿ ಮಾತ್ರ. ತಗಲಿದ ಮೇಲೆ ಎರಡೂ ಕೈಗಳು ಪೂರ್ತಿ ಚಾಚಿಕೊಂಡು, ಬ್ಯಾಟು ಎಡಹೆಗಲನ್ನು ದಾಟಿ ಹೋಗಲೇಬೇಕು. ಬಹಳ ಹುಡುಗರು ಚಿಕ್ಕದು ಮಾಡುವ ಭರದಲ್ಲಿ ತಗಲಿದ ಕೂಡಲೇ ಬ್ಯಾಟನ್ನು ನಿಲ್ಲಿಸುತ್ತಾರೆ. ನಿಲ್ಲಿಸಲು ಸಿದ್ಧವಾಗುವ ಸ್ನಾಯು ತಗಲುವ ಮೊದಲೇ ಬಿಗಿದು ಬೀಸನ್ನು ತಡೆಯುತ್ತದೆ. ಸೊಂಟವನ್ನೂ ಚಿಕ್ಕದು ಮಾಡಬೇಡಿ. ಹೊಡೆತ ಮುಗಿದಾಗ ಹೊಕ್ಕುಳು ಪಿಚರನ್ನು ನೋಡುತ್ತಿರಬೇಕು. ಕೈಯ ದಾರಿಯಲ್ಲಿ ಕಳೆದುಕೊಂಡ ಬಲವನ್ನು ಮರಳಿ ಕೊಡುವುದು ಅದೇ.

ಮತ್ತೆ ಪ್ರಶ್ನೆ ಕೇಳಿದ ವಿದ್ಯಾರ್ಥಿ, ಒಂಬತ್ತು ವಾರಗಳ ಬಳಿಕ

ಚೌತಿ ಕಳೆದು ಮೈದಾನ ಒಣಗಿದೆ, ಹಾಗಾಗಿ ವರದಿ ಒಪ್ಪಿಸುತ್ತಿದ್ದೇನೆ. ಮೊದಲ ದಿನ ಎಣಿಸಿದಾಗ 49 ಫ್ರೇಮ್ ಇತ್ತು, ಅಂದರೆ 0.20 ಸೆಕೆಂಡಿಗೂ ಮೇಲೆ. ಮೊದಲ ಎರಡು ವಾರ ಬಲೆಯ ಅಭ್ಯಾಸ ಮಾಡಿದಾಗ ಅದು 51ಕ್ಕೆ ಏರಿತು, ಬಿಟ್ಟುಬಿಡೋಣ ಅನ್ನಿಸಿತ್ತು. ಪ್ರತಿ ಬೀಸಿನಲ್ಲಿಯೂ ಕೈಯನ್ನು ನೋಡಿಕೊಳ್ಳುತ್ತಿದ್ದುದರಿಂದ ಹಾಗಾಯಿತೇನೋ. ನಾಲ್ಕನೆಯ ವಾರದಿಂದ ಇಳಿಯತೊಡಗಿ ಈಗ 41ರಲ್ಲಿ ನಿಂತಿದೆ. ನನ್ನ ಬ್ಯಾಟು ತೂಗಿದರೆ 990 ಗ್ರಾಮ್ ಇತ್ತು. ತಂಡದ 33 ಅಂಗುಲದ ಬ್ಯಾಟನ್ನು ಒಂದು ಅಂಗುಲ ಮೇಲಕ್ಕೆ ಹಿಡಿದು ಆಡುತ್ತಿದ್ದೇನೆ. ಆ ಎಂಟು ಫ್ರೇಮುಗಳಲ್ಲಿ ಎಷ್ಟು ಬ್ಯಾಟಿನದು, ಎಷ್ಟು ಬಲೆಯದು ಎಂದು ಬಿಡಿಸಿ ಹೇಳಲಾರೆ.

ಆದರೆ ನಿಜವಾದ ಬದಲಾವಣೆ ಬಂದದ್ದು ಅಕ್ಕ ಹೇಳಿದ ಕಾಲಿನಿಂದ. ಹಳೆಯ ವಿಡಿಯೋ ನೋಡಿದರೆ ಚೆಂಡು ಮುಕ್ಕಾಲು ದಾರಿ ಬಂದಾಗಲೂ ನನ್ನ ಎಡಗಾಲು ಗಾಳಿಯಲ್ಲೇ ಇತ್ತು. ಅದನ್ನು ಸರಿಪಡಿಸಿದ ವಾರವೇ ಮೈಬದಿಯ ಚೆಂಡು ಬ್ಯಾಟಿನ ದಪ್ಪ ಭಾಗಕ್ಕೆ ಸಿಕ್ಕಿತು, ಎಡಗಡೆ ಮೂರನೆಯ ಬೇಸಿನವನ ತಲೆಯ ಮೇಲಿನಿಂದ ಹೋಯಿತು. ಹೊನ್ನೆಕಾಯಿಯಿಂದ ಏನಾದರೂ ಪ್ರಯೋಜನವಾಯಿತೇ ಗೊತ್ತಿಲ್ಲ, ಆದರೆ ಮನೆಯಲ್ಲಿ ತಂಗಿಯೂ ಆಡಲು ಬರುವಷ್ಟು ಮೋಜಿನ ಅಭ್ಯಾಸ ಅದೊಂದೇ.

ಈಗ ತೊಂದರೆ ತಿರುಗಿ ನಿಂತಿದೆ. ಜೋರಿನ ಚೆಂಡುಗಳ ನಡುವೆ ಪಿಚರ್ ಒಂದು ನಿಧಾನದ ಚೆಂಡನ್ನು ಬಿಟ್ಟರೆ, ನನ್ನ ಬೀಸು ಅದಕ್ಕಿಂತ ಮೊದಲೇ ಮುಗಿದು ಎಡಗಡೆಗೆ ಫೌಲ್ ಆಗುತ್ತದೆ. ಮತ್ತೆ ಬೀಸನ್ನು ಸ್ವಲ್ಪ ಉದ್ದ ಮಾಡಿಕೊಳ್ಳಬೇಕೇ?

ಮತ್ತೆ ಮಂಗಳೂರಿನಿಂದ, ಸಾಫ್ಟ್‌ಬಾಲ್ ಆಡಿದವಳು

ಖಂಡಿತ ಬೇಡ. ಕಾಲು ಊರಿದೊಡನೆ ಕೈಯೂ ಹೊರಡುತ್ತಿದೆ, ಅಷ್ಟೇ ಆಗಿರುವುದು. ಕಾಲು ಊರುವುದು ಒಂದು ಕೆಲಸ, ಕೈ ಹೊರಡುವುದು ಇನ್ನೊಂದು. ಅವೆರಡರ ನಡುವೆ ಕಾಯುವ ಜಾಗ ಇರಬೇಕು. ಗೆಳೆಯನೊಬ್ಬನನ್ನು ಆರು ಮೀಟರ್ ಎದುರಿಗೆ, ಬಲೆಯ ಹಿಂದೆ ಕೂರಿಸು. ಬಲೆಯ ಬದಿಯಿಂದ ಕೈ ಹೊರಗೆ ಚಾಚಿ ಅವನು ಒಮ್ಮೆ ನೇರವಾಗಿ ಬಿರುಸಾಗಿ, ಒಮ್ಮೆ ಎತ್ತರಕ್ಕೆ ತೇಲಿಸಿ, ಯಾವುದು ಎಂದು ಮೊದಲೇ ಹೇಳದೆ ಎಸೆಯಲಿ. ಕೈ ಚಾಚಿ ಎಸೆದ ಮರುಕ್ಷಣವೇ ಒಳಕ್ಕೆ ಸರಿಯಲು ಹೇಳು. ಎರಡಕ್ಕೂ ನಿನ್ನ ಕಾಲು ಒಂದೇ ಹೊತ್ತಿಗೆ ಊರಬೇಕು. ತೇಲಿ ಬಂದ ಚೆಂಡಿಗೆ ಕೈಗಳು ಹಿಂದಿನ ಹೆಗಲಿನ ಬಳಿಯಲ್ಲೇ ಉಳಿದು, ಭಾರ ಮುಂಗಾಲಿಗೆ ಸುರಿಯದೆ, ಚೆಂಡು ಇಳಿದು ಬರುವ ತನಕ ನಿಲ್ಲಬೇಕು. ಹೊರಟ ಮೇಲೆ ಬೀಸು ಎರಡರಲ್ಲಿಯೂ ಅದೇ 41 ಫ್ರೇಮಿನದೇ ಆಗಿರಬೇಕು. ಹೊಡೆದ ಚೆಂಡು ಪಿಚರಿನ ಹಿಂದಿರುವ ಎರಡನೆಯ ಬೇಸಿನ ದಿಕ್ಕಿಗೆ ಹೋಗುವಂತೆ ನೋಡಿಕೊ. ವಿಡಿಯೋದಲ್ಲಿ ಈಗ ಎಣಿಸಬೇಕಾದದ್ದು ಕಾಲು ಊರಿದ ಫ್ರೇಮಿನಿಂದ ಕೈ ಹೊರಟ ಫ್ರೇಮಿನ ವರೆಗೆ. ಎರಡೂ ಬಗೆಯ ಚೆಂಡಿಗೆ ಆ ಸಂಖ್ಯೆ ಎಷ್ಟೆಷ್ಟು ಬಂತು ಎಂದು ಮುಂದಿನ ವಾರ ಇಲ್ಲಿ ಬರೆ.